ಇನ್ನೊಂದು ಬಣ್ಣದ ಸೆಟ್ ತೆಗೆಯುವ ಮೊದಲು ಇದನ್ನು ಓದಿ

ನಿವೃತ್ತಿಯಾಗಿ ಊರಿಗೆ ಬಂದು ಜಲವರ್ಣ ಮತ್ತೆ ಹಿಡಿದಿದ್ದೀರಿ, ತುಂಬಾ ಸಂತೋಷ. ನೀವು ಹಾಕಿದ, ಕಾಸರಗೋಡಿನ ಕಡಲ ದಂಡೆಯ ಬೇಕಲ ಕೋಟೆಯ ಚಿತ್ರ ನೋಡಿದೆ. ಬಣ್ಣ ಕೆಸರಾಗುತ್ತದೆ, 48 ಬಣ್ಣದ ಸೆಟ್ ಸಾಲುವುದಿಲ್ಲ, ಯಾವ ವಿದೇಶಿ ಸೆಟ್ ಒಳ್ಳೆಯದು ಎಂದು ಕೇಳಿದ್ದೀರಿ. ದಯವಿಟ್ಟು ಇನ್ನೊಂದು ಸೆಟ್ ತೆಗೆಯಬೇಡಿ ಮಾರಾಯ್ರೆ. ನಾನೂ ಕೆಲಸ ಬಿಟ್ಟ ಹೊಸತರಲ್ಲಿ ಇದೇ ದಾರಿ ಹಿಡಿದವನು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ತೊಂದರೆ ಇರುವುದು ಬಣ್ಣದಲ್ಲಲ್ಲ, ಗೆರೆಯಲ್ಲಿ. ಗೋಡೆಯ ಒಂದೊಂದು ಮುರಕಲ್ಲಿಗೂ (ಕೆಂಪು ಲ್ಯಾಟರೈಟ್ ಕಲ್ಲು) ಗಟ್ಟಿ ಸೀಸದ 2ಎಚ್ ಪೆನ್ಸಿಲಿನಲ್ಲಿ ಚೌಕಟ್ಟು ಹಾಕಿದ್ದೀರಿ. ಬುರುಜಿನ ಅಂಚಿಗೆ ಸ್ಕೇಲ್ ಇಟ್ಟದ್ದೂ ಕಾಣುತ್ತದೆ. ಆಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿಸಿದ್ದೀರಿ. ಎಂಜಿನಿಯರಿಂಗ್ ನಕ್ಷೆ ಬರೆಯುವ ನಮ್ಮ ಕಸುಬಿನಲ್ಲಿ ಅದೇ ಸರಿ. ಡ್ರಾಯಿಂಗ್‌ನಲ್ಲಿ ಒಂದು ಗೆರೆ ಬಿಟ್ಟುಹೋದರೆ ಫ್ಯಾಬ್ರಿಕೇಶನ್‌ನವನು ತಪ್ಪು ಪೀಸ್ ಕತ್ತರಿಸುತ್ತಾನೆ. ಹಾಗಾಗಿ ಇರುವುದೆಲ್ಲವನ್ನೂ ಒಂದೇ ಸಮ ತೋರಿಸುವ ಅಭ್ಯಾಸ ಕೈಯಲ್ಲಿ ಕೂತುಬಿಟ್ಟಿರುತ್ತದೆ. ಚಿತ್ರದಲ್ಲಿ ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಅರ್ಧ ಕೆಲಸ.

ಸಂಜೆ ನಾಲ್ಕೂವರೆ ಮೇಲೆ ಬೇಕಲದ ಒಳಗಿನಿಂದ ಕಡಲಿನ ಕಡೆ ತಿರುಗಿ ನಿಲ್ಲಿ. ಸೂರ್ಯ ಎದುರಿಗೆ ಇರುತ್ತಾನೆ. ಗೋಡೆ ಪೂರ್ತಿ ನೆರಳಲ್ಲಿ, ಒಂದೇ ಗಟ್ಟಿ ಆಕಾರ. ಆಗ ಕಲ್ಲು ಕಲ್ಲು ಬೇರೆ ಕಾಣುವುದೇ ಇಲ್ಲ! ಕಾಣದ್ದನ್ನು ಯಾಕೆ ಬರೆಯಬೇಕು? ಅಲ್ಲಿ ಕಲ್ಲಿದೆ ಎಂದು ನಮಗೆ ಗೊತ್ತು, ಅದಕ್ಕೆ ಬರೆಯುತ್ತೇವೆ, ಅಷ್ಟೇ.

ನನ್ನ ಕೈ ಸಡಿಲವಾದದ್ದು ಒಂದೇ ಒಂದು ಕ್ರಮದಿಂದ. ಅದನ್ನೇ ಹೇಳುತ್ತೇನೆ. ಪೆನ್ಸಿಲ್ ಬೇಡವೇ ಬೇಡ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಒಂದೇ ಬಣ್ಣ. 10ನೇ ನಂಬರಿನ ರೌಂಡ್ ಬ್ರಷ್, ಅದಕ್ಕಿಂತ ಸಣ್ಣದು ಮುಟ್ಟಬಾರದು. ಪೋಸ್ಟ್‌ಕಾರ್ಡ್ ಅಳತೆಯ ಪೇಪರ್. ಕಣ್ಣು ಅರ್ಧ ಮುಚ್ಚಿ ನೋಡಿ. ಬೆಳಕು, ನಡುವಿನದ್ದು, ಕಪ್ಪು, ಈ ಮೂರೇ ಛಾಯೆ ಹುಡುಕಿ. ಬೆಳಕಿನ ಜಾಗ ಬಿಳಿ ಪೇಪರ್ ಆಗಿಯೇ ಉಳಿಯಲಿ. ಉಳಿದ ಎಲ್ಲದರ ಮೇಲೂ ನಡುವಿನ ಛಾಯೆ ಒಂದೇ ಓಟಕ್ಕೆ ಎಳೆಯಿರಿ. ಗೋಡೆ, ಹುಲ್ಲು, ನಿಂತ ಜನ, ಎಲ್ಲ ಸೇರಿ. ಗಡಿ ದಾಟಿದರೂ ದಾಟಲಿ. ಪೂರ್ತಿ ಒಣಗಿದ ಮೇಲೆ ಕಪ್ಪು ಮಾತ್ರ ಇಡಿ. ಮುಗಿಯಿತು, ಎದ್ದುಬಿಡಿ. ಇಪ್ಪತ್ತು ನಿಮಿಷದ ಕೆಲಸ. ತಿದ್ದಲು ಹೋಗಬೇಡಿ.

ಮೊದಮೊದಲು ಕೋಪ ಬರುತ್ತದೆ. ಅರ್ಧಂಬರ್ಧ ಅನ್ನಿಸುತ್ತದೆ. ಬಿಡಬೇಡಿ. ಮನೆಯ ಜಗಲಿ, ಬಾವಿಕಟ್ಟೆ, ಕಂಗಿನ (ಅಡಿಕೆ) ತೋಟ, ಸಿಕ್ಕಿದ್ದನ್ನೆಲ್ಲ ಹೀಗೇ ಮಾಡಿ. ಕಂಗಿನ ತೋಟ ಇದಕ್ಕೆ ತುಂಬಾ ಒಳ್ಳೆಯದು. ಮರ ಬರೆಯಲು ಹೊರಟರೆ ಬರೀ ಕಂಬಗಳ ಸಾಲಾಗುತ್ತದೆ. ಮರಗಳ ನಡುವಿನ ಬೆಳಕಿನ ತುಂಡುಗಳನ್ನು ಉಳಿಸಿಕೊಂಡು ಹೋಗಿ, ತೋಟ ತಾನಾಗಿ ಬರುತ್ತದೆ. ಫೋಟೊ ನೋಡಿ ಮಾಡುವುದಾದರೆ ಒಂದು ಎಚ್ಚರ. ಮೊಬೈಲ್ ಫೋಟೊದಲ್ಲಿ ನೆರಳು ಬರೀ ಕಪ್ಪಾಗುತ್ತದೆ, ನಿಜವಾದ ನೆರಳಲ್ಲಿ ಬಣ್ಣ ಇರುತ್ತದೆ. ಟ್ರೇಸಿಂಗ್ ಅಂತೂ ಮಾಡಲೇಬೇಡಿ. ನಿಮ್ಮಂಥ ಪಳಗಿದ ಕೈಗೆ ಅದರ ಅಗತ್ಯವೇ ಇಲ್ಲ.

ಗೆರೆಯೇ ಇಷ್ಟ ಅಂದರೆ ಅದಕ್ಕೂ ದಾರಿ ಉಂಟು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ನೋಡಿ. ಕೆಲವೇ ಗೆರೆಗಳಲ್ಲಿ ಇಡೀ ಮೈ ಕುಣಿಯುತ್ತದೆ. ಯಕ್ಷಗಾನ ಆಟಕ್ಕೆ ಹೋದಾಗ ಒಂದು ಪೆನ್ನು, ಒಂದು ಪುಸ್ತಕ ಇಟ್ಟುಕೊಳ್ಳಿ. ವೇಷ ನಿಲ್ಲುವುದೇ ಇಲ್ಲವಲ್ಲ, ಸ್ಕೇಲ್ ನೆನಪಿಗೂ ಬರುವುದಿಲ್ಲ.

ಇನ್ನು ಬಣ್ಣ. 48ರಲ್ಲಿ ಆರು ಸಾಕು. ಕೆಸರಾಗಲು ಮುಖ್ಯ ಕಾರಣ ಹಲವು ಬಣ್ಣ ಬೆರೆಸುವುದು ಮತ್ತು ಒದ್ದೆ ಇರುವಾಗಲೇ ಮತ್ತೆ ಮತ್ತೆ ಉಜ್ಜುವುದು. ಕೋಟೆಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಮತ್ತು ಅಲ್ಟ್ರಾಮರೀನ್ ಎಂಬ ನೀಲಿ ಎರಡೇ ಸಾಕು. ಮುರಕಲ್ಲಿನ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ, ಬರ್ನ್ಟ್ ಸಿಯೆನ್ನಾದ ಬಣ್ಣವೂ ಅದರಿಂದಲೇ. ಅದಕ್ಕೇ ಅಷ್ಟು ಸಲೀಸಾಗಿ ಹೊಂದುತ್ತದೆ. ನೀಲಿ ಸೇರಿಸಿದರೆ ಮಳೆಗೆ ಕಪ್ಪು ಹಿಡಿದ ಗೋಡೆಯೂ ಸಿಗುತ್ತದೆ. ಟ್ಯೂಬಿನ ಮೇಲೆ ಹೆಸರು ನೋಡಬೇಡಿ, ಪಿಗ್ಮೆಂಟ್ ಕೋಡ್ ನೋಡಿ, ಅಂದರೆ ಒಳಗೆ ಯಾವ ಬಣ್ಣದ ಪುಡಿ ಇದೆ ಎಂದು ಹೇಳುವ ಅಕ್ಷರ ಮತ್ತು ಅಂಕಿ. ಅಲ್ಟ್ರಾಮರೀನ್ ಅಂದರೆ ಪಿಬಿ 29. ಒಂದೇ ಕೋಡ್ ಇರುವ ಬಣ್ಣ ಆರಿಸಿ. ಅಲಿಝರಿನ್ ಕ್ರಿಮ್ಸನ್ ಎಂಬ ಕೆಂಪು, ಪಿಆರ್ 83, ಬಿಸಿಲಿಗೆ ಮಾಸುತ್ತದೆ, ಅದರ ಬದಲು ಪಿವಿ 19 ತೆಗೆಯಿರಿ. ಕ್ಯಾಮ್ಲಿನ್‌ನ ಆರ್ಟಿಸ್ಟ್ ಟ್ಯೂಬುಗಳು ಕಲಿಯಲು ಧಾರಾಳ ಸಾಕು. ಜೇನು ಬೆರೆಸಿ ಮಾಡುವ ವಿದೇಶಿ ಬಣ್ಣಗಳಿವೆ. ನಮ್ಮ ಮಳೆಗಾಲದ ತೇವಕ್ಕೆ ಅವು ಪ್ಯಾಲೆಟ್ಟಿನಲ್ಲಿ ಗಟ್ಟಿಯಾಗುವುದೇ ಇಲ್ಲ, ಹರಿದುಬಿಡುತ್ತವೆ. ಜೋಪಾನ.

ದುಡ್ಡು ಹಾಕುವುದಾದರೆ ಪೇಪರಿಗೆ ಹಾಕಿ. ನಿಮ್ಮ ತೆಳು ಡ್ರಾಯಿಂಗ್ ಶೀಟ್ ನೀರಿಗೆ ಅಲೆಅಲೆಯಾಗಿ ಏಳಲೇಬೇಕು. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು), ನೂರಕ್ಕೆ ನೂರು ಹತ್ತಿಯ ಪೇಪರ್ ತೆಗೆಯಿರಿ. ಫ್ರಾನ್ಸಿನ ಆರ್ಷ್ ಪೇಪರ್ ಒಳ್ಳೆಯದು ನಿಜ, ಆದರೆ ದುಬಾರಿ ತುಂಡು ಹಾಳಾದೀತೆಂಬ ಹೆದರಿಕೆಗೆ ಕೈ ಗಟ್ಟಿಯಾಗುತ್ತದೆ. ಬ್ರಸ್ಟ್ರೋ ಎಂಬ ಕಂಪನಿಯ ಹತ್ತಿ ಪೇಪರ್ ಸಾಕು. ಕವರ್ ಮೇಲೆ ಸರಿಯಾಗಿ ಓದಿ, 25 ಶೇಕಡಾ ಹತ್ತಿಯದ್ದೂ ಬರುತ್ತದೆ, ಅದು ಬೇರೆ.

ಮಳೆಗಾಲಕ್ಕೆ ಪೇಪರನ್ನು ಕಪಾಟಿನಲ್ಲಿ ಸುಮ್ನೆ ಇಡಬೇಡಿ. ತೇವ ಮತ್ತು ಬೂಷ್ಟಿಗೆ ಪೇಪರಿನ ಸೈಜಿಂಗ್ (ನೀರು ಒಮ್ಮೆಲೇ ಹೀರದಂತೆ ಹಾಕಿದ ಅಂಟು) ಹಾಳಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಬಣ್ಣ ಹಚ್ಚಿದಾಗ ಮಾತ್ರ ಅಲ್ಲಲ್ಲಿ ಒತ್ತುಕಾಗದದ ಹಾಗೆ ಹೀರಿ ಕಲೆಯಾಗುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಮಳೆ ಜೋರಿರುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ವಾಶ್, ಅಂದರೆ ನೀರಾಗಿ ಎಳೆದ ಬಣ್ಣದ ಪದರ, ಒಣಗುವುದೇ ಇಲ್ಲ, ಹೇರ್ ಡ್ರೈಯರ್ ಬೇಕಾಗುತ್ತದೆ. ನೀರಿನ ಹೊಳಪು ಹೋದ ಮೇಲೆ ಮಾತ್ರ ಹಿಡಿಯಿರಿ, ಇಲ್ಲದಿದ್ದರೆ ಗಾಳಿಗೆ ಬಣ್ಣ ಓಡುತ್ತದೆ. ತೊಳೆದ ಬ್ರಷ್ ನೆಟ್ಟಗೆ ನಿಲ್ಲಿಸಬೇಡಿ, ಮಲಗಿಸಿ. ನೀರು ಕೆಳಗಿಳಿದು ಹಿಡಿಯ ಅಂಟು ಬಿಡುತ್ತದೆ. ಪ್ಯಾಲೆಟ್ ಒಣಗದೆ ಮುಚ್ಚಿದರೆ ಬೂಷ್ಟು ಗ್ಯಾರಂಟಿ.

ನಮ್ಮ ವಯಸ್ಸಿನವರಿಗೆ ಇನ್ನೊಂದು. ಕಣ್ಣು ಪರೀಕ್ಷೆ ಮಾಡಿಸಿದ್ದೀರಾ? ಪೊರೆ ಬಂದರೆ ನೋಡುವುದೆಲ್ಲ ಹಳದಿ ಕಡೆಗೆ ವಾಲುತ್ತದೆ, ನೀಲಿ ಮಂಕಾಗುತ್ತದೆ. ಮೊನೆ ಎಂಬ ಫ್ರೆಂಚ್ ಕಲಾವಿದರು 1923ರಲ್ಲಿ ಪೊರೆಯ ಆಪರೇಶನ್ ಮಾಡಿಸಿಕೊಂಡರು. ಅದಕ್ಕೆ ಹಿಂದಿನ ವರ್ಷಗಳ ಅವರ ಚಿತ್ರಗಳಲ್ಲಿ ಕೆಂಪು, ಕಂದು ಜಾಸ್ತಿ. ಬೋರ್ಡಿನ ದೂರಕ್ಕೆ ಸರಿಯಾಗುವ ಬೇರೆ ಕನ್ನಡಕ ಮಾಡಿಸಿದರೆ ಕುತ್ತಿಗೆ ನೋವೂ ಕಮ್ಮಿ.

ಫ್ರೇಮ್ ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ಸುತ್ತ ದಪ್ಪ ಕಾರ್ಡಿನ ಮೌಂಟ್ ಹಾಕಿಸಿ. ಮಳೆ ಹೊಡೆಯುವ ಪಡುವಣ ಗೋಡೆಗೆ ಮಾತ್ರ ತೂಗುಹಾಕಬೇಡಿ, ಒಳಗಿನ ಗೋಡೆಯೇ ಆಗಬೇಕು.