ನಮ್ಮ ಶಾಲೆಯಲ್ಲಿ ಜಾತಿ ಇಲ್ಲ ಎಂದ ಮೇಷ್ಟ್ರಿಗೆ

ಶಾಲೆಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಬಂಗಾರಪೇಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರು ಹೇಳುವುದು ಇಷ್ಟು: "ನಮ್ಮ ಶಾಲೆಯಲ್ಲಿ ಜಾತಿ ಇಲ್ಲ. ಮಕ್ಕಳು ಒಟ್ಟಿಗೆ ಕೂತು ಬಿಸಿಯೂಟ ಮಾಡುತ್ತಾರೆ. ದಿನವೂ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಗೊತ್ತಿಲ್ಲದ ಮಕ್ಕಳಿಗೆ ನೀವೇ ಜಾತಿ ನೆನಪಿಸಿದರೆ ಅದು ಜಾಸ್ತಿಯಾಗುತ್ತದೆ."

ಮೇಷ್ಟ್ರೇ, ನಿಮ್ಮ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಮಕ್ಕಳಿಗೆ ಗೊತ್ತಿಲ್ಲ ಅಂತೀರಲ್ಲ, ಅದನ್ನು ಒಪ್ಪುವುದು ಕಷ್ಟ. ಯಾರ ಮನೆಯ ಒಳಗೆ ಓಡಬಹುದು, ಯಾರ ಮನೆಯ ಜಗಲಿ ಹತ್ತಿರವೇ ನಿಲ್ಲಬೇಕು ಅಂತ ನಮ್ಮ ಹಳ್ಳಿಗಳ ಐದು ವರ್ಷದ ಮಗುವಿಗೂ ಗೊತ್ತಿರುತ್ತದೆ.

ನಮ್ಮ ಕೋಲಾರ ಜಿಲ್ಲೆಯನ್ನೇ ನೋಡಿ. ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿ ಶಾಲೆಗೆ ದಲಿತ ಹೆಣ್ಣುಮಗಳೊಬ್ಬರು ಅಡುಗೆಗೆ ಬಂದರು. ಊರವರು ಮಕ್ಕಳನ್ನು ಬಿಡಿಸುತ್ತಾ ಹೋದರು. 2015ರಲ್ಲಿ ಪತ್ರಿಕೆಗಳು ಈ ಸುದ್ದಿ ಬರೆಯುವ ಹೊತ್ತಿಗೆ 100ರ ಮೇಲಿದ್ದ ಮಕ್ಕಳ ಸಂಖ್ಯೆ 20ರೊಳಗೆ ಇಳಿದಿತ್ತು. ಟಿಸಿ ಕೇಳುವಾಗ ಜಾತಿಯೇ ಕಾರಣ ಅಂತ ಯಾರು ತಾನೇ ಬರೆದುಕೊಡುತ್ತಾರೆ? ಶಾಲೆಯ ಕಡತ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ.

ಪೀಠಿಕೆ ಓದಿಸಬೇಕು ಅಂತ ಸರ್ಕಾರ ತೀರ್ಮಾನಿಸಿದ್ದು 2023ರ ಜೂನ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ವಿಡಿಯೊ ಹೊರಬಂತು. ಓದಿಸುವುದು ಬೇಡ ಅನ್ನುತ್ತಿಲ್ಲ. ಓದಿದ ಮೇಲೆ ಪೊರಕೆ ಯಾರ ಕೈಗೆ ಹೋಗುತ್ತದೆ ಅನ್ನೋದನ್ನು ಕೇಳುತ್ತಿದ್ದೇವೆ. ಒಂದು ತಿಂಗಳು ಸುಮ್ನೆ ಬರೆದಿಟ್ಟು ನೋಡಿ. ಕಸ ಗುಡಿಸಿದ್ದು ಯಾರು, ಶೌಚಾಲಯಕ್ಕೆ ನೀರು ಹೊತ್ತಿದ್ದು ಯಾರು, ಮೇಷ್ಟ್ರುಗಳಿಗೆ ಕುಡಿಯುವ ನೀರು ತಂದುಕೊಟ್ಟಿದ್ದು ಯಾರು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಬಂದಾಗ ಹೂ ಕೊಟ್ಟಿದ್ದು ಯಾರು. ಆಮೇಲೆ ಹಾಜರಿ ಪುಸ್ತಕದ ಕ್ರಮದಲ್ಲೇ ಸರದಿ ಮಾಡಿ ಗೋಡೆಗೆ ಅಂಟಿಸಿ. ಹುಡುಗರ ಹೆಸರೂ ಇರಲಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಮಗನದ್ದೂ ಇರಲಿ.

ಮಗುವಿಗೆ ಜಾತಿ ನೆನಪಿಸಬಾರದು ಅನ್ನುವ ನಿಮ್ಮ ಮಾತು ಸರಿ. ಆದರೆ "ಎಸ್ಸಿ ಎಸ್ಟಿ ಮಕ್ಕಳೆಲ್ಲ ಎದ್ದು ನಿಲ್ಲಿ, ಆರ್‌ಡಿ ನಂಬರ್ ಯಾಕೆ ತಂದಿಲ್ಲ" ಅಂತ ತುಂಬಿದ ತರಗತಿಯಲ್ಲಿ ಕೂಗುವುದು ನಾವಲ್ಲ, ಅಲ್ವಾ? ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರದ ಆ ನಂಬರ್ ಬೇಕೇ ಬೇಕು, ನಿಜ. ಅಪ್ಪ ಅಮ್ಮನಿಗೆ ಫೋನ್ ಮಾಡಿ ಕೇಳಬಹುದು. ಇಲ್ಲವೇ ಎಲ್ಲ ಮಕ್ಕಳ ಕೈಗೂ ಒಂದೊಂದು ಚೀಟಿ ಕೊಟ್ಟು ಕಳಿಸಬಹುದು.

(ತೆಲುಗು ಮನೆಮಾತಿನ ಮಗುವಿನ ಕನ್ನಡಕ್ಕೆ ನಗುವುದು, ಬಣ್ಣ ನೋಡಿ "ಕರಿಯಾ" ಅನ್ನುವುದು ಕೂಡ ಇದೇ ಸಾಲಿಗೆ ಸೇರಿದ್ದು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಟೀಚರುಗಳೇ ನಗುವುದುಂಟು. ಮಗುವಿಗೆ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ.)

ಪತ್ರದ ಕೊನೆಯಲ್ಲಿ ನೀವು ಹೊಸ ಮೇಡಂ ಅವರನ್ನು ಹೊಗಳಿದ್ದೀರಿ. ಅವರು ಪರಿಶಿಷ್ಟ ಜಾತಿಯವರು, ಊರಲ್ಲಿ ಬಾಡಿಗೆ ಮನೆ ಸಿಗದೆ ದಿನಾ ಕೋಲಾರದಿಂದ ಎರಡು ಬಸ್ ಹತ್ತಿ ಬರುತ್ತಾರೆ, ಆದರೂ ಒಂದು ದಿನ ತಡ ಮಾಡಿಲ್ಲ ಅಂತ. ಇದೇ ಸಾಲು ನಮ್ಮನ್ನು ಹಿಡಿದು ನಿಲ್ಲಿಸಿತು. ಅವರಿಗಿಂತ ಮುಂಚೆ ಇದ್ದ ಮೇಷ್ಟ್ರು ಊರಲ್ಲೇ ಮನೆ ಮಾಡಿಕೊಂಡಿದ್ದರು ಅಂತಲೂ ನೀವೇ ಬರೆದಿದ್ದೀರಿ. ಹಾಗಾದರೆ ಇವರಿಗೆ ಯಾಕೆ ಸಿಗಲಿಲ್ಲ? ಬಾಡಿಗೆ ಕೇಳಲು ಹೋದಾಗ "ನೀವು ಯಾವ ಪೈಕಿ" ಅಂತ ಎಷ್ಟು ಬಾಗಿಲಲ್ಲಿ ಕೇಳಿರಬಹುದು? ಆ ಮನೆಗಳ ಮಕ್ಕಳೇ ಬೆಳಿಗ್ಗೆ ಅವರ ಮುಂದೆ ನಿಂತು ಪೀಠಿಕೆ ಓದುತ್ತಾರೆ.

ಊರಲ್ಲಿ ಇರಲು ಅವರಿಗೆ ಈಗಲೂ ಇಷ್ಟವಿದೆಯೇ ಅಂತ ಮೊದಲು ಕೇಳಿ. ಬೇಡ ಎಂದರೆ ಬಲವಂತ ಮಾಡಬೇಡಿ. ಹೂಂ ಎಂದರೆ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನೇ ಮೊದಲ ವಿಷಯ ಮಾಡಿ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಖಾಲಿ ಮನೆ ಯಾರದ್ದಿದೆ ಅಂತ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮನೆ ನೋಡಲು ಮೇಡಂ ಜೊತೆ ನೀವೂ ಹೋಗಿ. ಯಾರು ಏನಂದರು ಅಂತ ನಮಗೆ ಬರೆಯಿರಿ. ಅದನ್ನೂ ಹೆಸರಿಲ್ಲದೆಯೇ ಅಚ್ಚು ಹಾಕುತ್ತೇವೆ.

— ಸಂ.