ಕಾರ್ಮಿಕರು ಗ್ಲೌಸ್, ಕನ್ನಡಕ, ಮಾಸ್ಕ್ ಹಾಕಿಕೊಳ್ಳುತ್ತಿಲ್ಲ: ದಂಡ ಹಾಕಲೇ, ಬಹುಮಾನ ಕೊಡಲೇ?

ಎರಡೂ ಬೇಡ. ದಂಡ ಹಾಕಲು ಹೋಗಿ ಒಬ್ಬರ ಎರಡು ಬೆರಳಿಗೆ ಕುತ್ತು ತಂದವನು ನಾನು.

ನಿಮ್ಮದು 60 ಜನರ ಮಷೀನ್ ಶಾಪ್, ಟ್ರೇನಿಂಗ್ ಕೊಟ್ಟು ಸಹಿ ಹಾಕಿಸಿಕೊಂಡಿದ್ದೀರಿ, ಆದರೂ ಅರ್ಧ ಜನ ಬರಿಗೈಲಿ ನಿಂತಿರುತ್ತಾರೆ ಅಂತ ಬರೆದಿದ್ದೀರಿ. ನಮ್ಮದು 34 ಜನ, ಬೆಂಗಳೂರಿನ ಪೀಣ್ಯ ಎರಡನೇ ಹಂತ, 2013. ಉಳಿದದ್ದೆಲ್ಲ ಡಿಟ್ಟೋ. ನಾನು ಪ್ರೊಡಕ್ಷನ್ ಸೂಪರ್‌ವೈಸರ್, ಸೇಫ್ಟಿ ಓದಿದವನೇನಲ್ಲ. ದೊಡ್ಡ ಗಿರಾಕಿಯ ಆಡಿಟ್ ಬರುತ್ತೆ ಅಂತಾದಾಗ ಮಾಲೀಕರು "ಅದನ್ನೂ ನೀನೇ ನೋಡ್ಕೊಂಬಿಡಪ್ಪ" ಅಂದರು. ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಗಿ ನೂಲಿನ ಗ್ಲೌಸ್ ಡಜನ್‌ಗಟ್ಟಲೆ ತಂದೆ. ಅಂಗೈಗೆ ನೀಲಿ ರಬ್ಬರ್ ಚುಕ್ಕೆ ಇರುತ್ತಲ್ಲ, ಅದು. ಗೋಡೆಗೆ ಬೋರ್ಡ್ ಹೊಡೆಸಿದೆ: "ಶಾಪ್ ಒಳಗೆ ಗ್ಲೌಸ್ ಕಡ್ಡಾಯ. ತಪ್ಪಿದರೆ ದಂಡ ₹50."

ಆ ಬೋರ್ಡಿನ ತಪ್ಪು ನಿಮಗೆ ಈಗಲೇ ಕಂಡಿದ್ದರೆ ನೀವು ನನಗಿಂತ ಜಾಣರು. ನನಗೆ ಕಾಣಲಿಲ್ಲ. ಆಡಿಟ್‌ಗೆ ಬಂದವರಿಗೂ ಕಾಣಲಿಲ್ಲ, ಬೋರ್ಡಿನ ಫೋಟೋ ಹೊಡೆದುಕೊಂಡು ಹೋದರು.

ಪಿಲ್ಲರ್ ಡ್ರಿಲ್ (ಕಂಬಕ್ಕೆ ಕೂರಿಸಿದ, ತೂತು ಕೊರೆಯುವ ಮಷೀನ್) ಮೇಲೆ ಬಾಗಲಕೋಟೆ ಕಡೆಯವರೊಬ್ಬರು ಇದ್ದರು. ಐವತ್ತು ದಾಟಿತ್ತು, ಶಾಪಿನವರಿಗೆಲ್ಲ ಅವರು ಕಾಕಾ. ಗ್ಲೌಸ್ ಕೊಟ್ಟ ಮೊದಲ ದಿನವೇ ಬಿಚ್ಚಿ ಜಾಬ್ ಬಿಗಿಹಿಡಿಯುವ ವೈಸ್ ಪಕ್ಕ ಇಟ್ಟು ಕೆಲಸ ಮಾಡುತ್ತಿದ್ದರು. ಕೇಳಿದ್ದಕ್ಕೆ, "ಸರ, ಇದನ್ನ ಹಾಕ್ಕೊಂಡು ಡ್ರಿಲ್ ಮ್ಯಾಲೆ ಕೆಲಸ ಮಾಡಾಕ ಆಗೂದಿಲ್ರಿ" ಅಂದರು. "ಎಲ್ಲರಿಗೂ ಆಗತ್ತೆ, ನಿಮಗೊಬ್ಬರಿಗೆ ಆಗಲ್ವಾ ಕಾಕಾ?" ಅಂದು ದಂಡದ ಬುಕ್ಕಲ್ಲಿ ಹೆಸರು ಬರೆದೆ. ಅದು ಬುಧವಾರ. ಗುರುವಾರ ಅವರು ಗ್ಲೌಸ್ ಹಾಕಿಕೊಂಡೇ ನಿಂತಿದ್ದರು. ದೂರದಿಂದ ನೋಡಿ ನನಗೆ ಖುಷಿಯಾಗಿದ್ದೂ ನಿಜ.

ಮಧ್ಯಾಹ್ನ ಊಟ ಮುಗಿದ ಮೇಲೆ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿಗೆ 12 ಎಂಎಂ ತೂತು ಹಾಕುತ್ತಿದ್ದರು. ಸ್ಪೀಡು ಸುಮಾರು 650 ಆರ್‌ಪಿಎಂ. ಚಿಪ್, ಅಂದರೆ ಕೊರೆದಾಗ ಬರುವ ಲೋಹದ ಸಿಪ್ಪೆ, ಸುರುಳಿಯಾಗಿ ಎದ್ದು ಡ್ರಿಲ್ಲಿಗೆ ಸುತ್ತಿಕೊಳ್ಳುತ್ತಿತ್ತು, ಅದನ್ನು ಪಕ್ಕಕ್ಕೆ ಸರಿಸಲು ಬಲಗೈ ಚಾಚಿದರು. ಗ್ಲೌಸಿನ ತುದಿಯ ಒಂದೆಳೆ ನೂಲು ಚಿಪ್ಪಿಗೆ ಸಿಕ್ಕಿತು. 650 ಅಂದರೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು. ಕಣ್ಣಿಗೆ ಕಂಡು, ಗಾಬರಿಯಾಗಿ, ಕೈ ಎಳೆದುಕೊಳ್ಳುವುದಕ್ಕೆ ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಡ್ರಿಲ್ ಎರಡೂವರೆ ಸುತ್ತು ತಿರುಗಿ ಮುಗಿದಿರುತ್ತದೆ. ಕಿರುಬೆರಳು ಮತ್ತು ಅದರ ಪಕ್ಕದ್ದು, ಎರಡರಲ್ಲೂ ಮೇಲಿನ ಗೆಣ್ಣು ಹೋಯಿತು.

ಇದನ್ನು ನೂರು ಸಲ ಲೆಕ್ಕ ಹಾಕಿದ್ದೇನೆ. ಅಗ್ಗದ ಗ್ಲೌಸ್ ತಂದಿದ್ದು ತಪ್ಪಾ? ಅಲ್ಲ. ದುಬಾರಿ ಕಟ್ ರೆಸಿಸ್ಟೆಂಟ್ ಗ್ಲೌಸ್ ತಂದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಅದರ ನೂಲು ಹರಿಯಬಾರದು ಅಂತಲೇ ಮಾಡಿರುತ್ತಾರೆ. ಕೈಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಬರಿಗೈಲಿ ಚಿಪ್ ಮುಟ್ಟುವುದೂ ತಪ್ಪೇ, ಚರ್ಮ ಸೀಳುತ್ತದೆ; ಆದರೆ ಹೆಚ್ಚಿನ ಸಲ ಕೈ ವಾಪಸ್ ಬರುತ್ತದೆ. ಟ್ರೇನಿಂಗ್ ಕೊಡದೇ ಇದ್ದದ್ದು ತಪ್ಪಾ? ಕೊಟ್ಟಿದ್ದೆನಲ್ಲ, ಪ್ರೊಜೆಕ್ಟರ್ ಹಾಕಿ 45 ನಿಮಿಷ. ತಪ್ಪು ಆಗಿದ್ದು ಇಲ್ಲಿ: ನಾನು ಕೈಯನ್ನು ನೋಡಿ ಗ್ಲೌಸ್ ಆರಿಸಿದೆ, ಕೆಲಸ ನೋಡಿ ಆರಿಸಲಿಲ್ಲ. 34 ಜನಕ್ಕೂ ಕೈ ಇದೆ, ಆದ್ದರಿಂದ 34 ಜನಕ್ಕೂ ಗ್ಲೌಸ್. ಶೀಟ್ ಎತ್ತುವವನಿಗೆ, ಗ್ರೈಂಡಿಂಗ್ ಮಾಡುವವನಿಗೆ, ಥಿನ್ನರ್‌ನಲ್ಲಿ ಜಾಬ್ ತೊಳೆಯುವ ಹುಡುಗನಿಗೆ, ಕಾಕಾಗೆ, ಎಲ್ಲರಿಗೂ ಒಂದೇ. ಇದಕ್ಕಿಂತ ದೊಡ್ಡದು, ಇಪ್ಪತ್ತು ವರ್ಷ ಡ್ರಿಲ್ ಮೇಲೆ ಕೈ ಇಟ್ಟ ಮನುಷ್ಯ "ಆಗೂದಿಲ್ರಿ" ಅಂದಾಗ "ಯಾಕೆ?" ಅನ್ನುವ ಎರಡಕ್ಷರ ನನ್ನ ಬಾಯಲ್ಲಿ ಬರಲಿಲ್ಲ. ಅಹಂಕಾರ ಅಂದುಕೊಂಡೆ. ಮಷೀನಿನ ತಿರುಗುವ ಸ್ಪಿಂಡಲ್ (ದಂಡ) ಹತ್ತಿರ ಗ್ಲೌಸ್ ಹಾಕಬಾರದು ಅನ್ನುವುದು ಐಟಿಐ ಮೊದಲ ವರ್ಷದ ಹುಡುಗನಿಗೂ ಗೊತ್ತು. ನನಗೂ ಗೊತ್ತಿತ್ತು! ಬೋರ್ಡ್ ಬರೆಸುವಾಗ ಅದು ತಲೆಯಿಂದ ಎಲ್ಲಿ ಹೋಯಿತೋ.

ಆಮೇಲೆ ಫೈಲ್ ತೆಗೆದು ನೋಡಿದರೆ ಟ್ರೇನಿಂಗ್ ಶೀಟಿನಲ್ಲಿ ಕಾಕಾ ಸಹಿ ಇತ್ತು, ಅದರ ಮುಂದೆ "ಪರಿಣಾಮಕಾರಿ: ಹೌದು" ಅಂತ ನನ್ನದೇ ಟಿಕ್. ಆ ತಿಂಗಳ ಸಂಬಳದಲ್ಲಿ ₹50 ಕಟ್ ಆಗಿಯೇ ಬಂತು. ಅಕೌಂಟ್ಸ್‌ನವರಿಗೆ ಬೇಡ ಅನ್ನಲು ನನಗೇ ಮರೆತುಹೋಗಿತ್ತು.

ದಂಡದ ಕಾನೂನೂ ನನಗೆ ಆಮೇಲೇ ತಿಳಿದದ್ದು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 8ನೇ ಕಲಮಿನ ಪ್ರಕಾರ ಮೊದಲೇ ಮಂಜೂರಾಗಿ ನೋಟಿಸ್ ಹಾಕಿದ ತಪ್ಪುಗಳಿಗೆ ಮಾತ್ರ ದಂಡ, ಅದೂ ಆ ಅವಧಿಯ ಕೂಲಿಯ ಶೇ. 3 ಮೀರುವಂತಿಲ್ಲ, ವಸೂಲಾದ ದುಡ್ಡು ಕಾರ್ಮಿಕರ ಅನುಕೂಲಕ್ಕೇ ಹೋಗಬೇಕು. ನಮ್ಮದು ಚಹಾ ಬಿಸ್ಕತ್ತಿಗೆ ಹೋಗುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ. ಬರಿಗೈಲಿ ನಿಂತಿರುವ ಆ ಅರ್ಧ ಜನ ಯಾರು? ಡ್ರಿಲ್, ಲೇತ್, ಮಿಲ್ಲಿಂಗ್ ಮೇಲಿನವರಾಗಿದ್ದರೆ ಅವರು ಸರಿಯಾಗಿದ್ದಾರೆ, ನಿಮ್ಮ ರೂಲೇ ತಪ್ಪು. ಅವರಿಗೆ ಬೇಕಾಗಿದ್ದು ಕನ್ನಡಕ, ಗಿಡ್ಡ ತೋಳಿನ ಅಂಗಿ, ಚಿಪ್ ತೆಗೆಯಲು ಹುಕ್ ಮತ್ತು ಬ್ರಷ್, ಅದೂ ಮಷೀನ್ ನಿಲ್ಲಿಸಿ. ಜೊತೆಗೆ ಡ್ರಿಲ್ಲನ್ನೋ ಜಾಬನ್ನೋ ಹಿಡಿದು ತಿರುಗುವ ಚಕ್ ಸುತ್ತ ಗಾರ್ಡ್, ಅಂದರೆ ಕೈ ಹೋಗದಂತೆ ತಡೆಯುವ ಕವಚ. ನಾವು ಗಾರ್ಡ್ ಹಾಕಿಸಿದ್ದು ಕಾಕಾ ಆಸ್ಪತ್ರೆಯಲ್ಲಿದ್ದಾಗ. ಗಾರ್ಡ್ ಹಾಕಿದರೆ ಮುಗಿಯುವ ಕಡೆ ಗ್ಲೌಸ್ ಮಾತೇ ಎತ್ತಬೇಡಿ. ಮಣಿಕಟ್ಟಿನ ಕೆಂಪು ದಾರವನ್ನೂ ಬಿಚ್ಚಿಸಿ, ದೇವರ ದಾರ ಅಂತ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಬಹುಮಾನವನ್ನೂ ನೋಡಿದ್ದೇನೆ. ಮುಂದೆ ಸೇರಿದ ಕಡೆ "ಗಾಯವಿಲ್ಲದ ತಿಂಗಳು" ಅಂತ ಸ್ಟೀಲ್ ಡಬ್ಬಿ ಹಂಚುತ್ತಿದ್ದರು. ಡಬ್ಬಿ ತಪ್ಪುತ್ತದೆ ಅಂತ ಹುಡುಗರು ಕುಯ್ದ ಬೆರಳನ್ನು ಜೇಬಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

ಟ್ರೇನಿಂಗ್ ಅಂದರೆ ನಾನೀಗ ಪ್ರೊಜೆಕ್ಟರ್ ಮುಟ್ಟುವುದಿಲ್ಲ. ಮಷೀನ್ ಪಕ್ಕ ನಿಂತು, ಹತ್ತು ನಿಮಿಷ, ಐದಾರು ಜನ. ಮೊದಲು ಅವರೇ ಹೇಳಬೇಕು, ಇಲ್ಲಿ ಏನು ತಾಗುತ್ತೆ, ಏನು ಹಾರುತ್ತೆ, ಏನು ಎಳೆಯುತ್ತೆ ಅಂತ. ಬಿಹಾರ, ಒಡಿಶಾದ ಹುಡುಗರಿದ್ದರೆ ಅವರಲ್ಲೊಬ್ಬ ಹಿಂದಿಯಲ್ಲಿ ಹೇಳುತ್ತಾನೆ, ನನ್ನ ಹಿಂದಿ ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. ಆಮೇಲೆ ಹಾಕಿ ತೋರಿಸಬೇಕು, ಬಿಚ್ಚಿಯೂ ತೋರಿಸಬೇಕು. ಥಿನ್ನರ್, ಆಸಿಡ್ ಕೆಲಸದವರಿಗೆ ನಾನು ಮಾಡುವುದು ಕುಂಕುಮದ ಪರೀಕ್ಷೆ: ನೀರಲ್ಲಿ ಕುಂಕುಮ ಕದಡಿ ಗ್ಲೌಸಿಗೆ ಬಳಿದು, ಕೈಗೆ ಒಂದು ಚುಕ್ಕೆಯೂ ತಾಗದಂತೆ ಬಿಚ್ಚು ಅನ್ನುತ್ತೇನೆ. ಮೊದಲ ಸಲ ಹೆಚ್ಚಿನವರ ಮಣಿಕಟ್ಟು ಕೆಂಪಾಗುತ್ತದೆ. ಆಗ ನಗು ಏಳುತ್ತದೆ, ಆ ನಗುವಿನಲ್ಲಿ ಕಲಿತದ್ದು ಮರೆಯುವುದಿಲ್ಲ. ಅಂದಹಾಗೆ ಥಿನ್ನರ್‌ಗೆ ತೆಳ್ಳನೆಯ ಲೇಟೆಕ್ಸ್ ಗ್ಲೌಸ್ ಕೊಡಬೇಡಿ, ಊದಿಕೊಂಡು ಮೆತ್ತಗಾಗುತ್ತದೆ. ಥಿನ್ನರ್ ಮಾರುವವರಿಂದ ಅದರ ಸೇಫ್ಟಿ ಶೀಟ್ ಕೇಳಿ ತಗೊಂಡು ನೋಡಿ ಆರಿಸಿ. ಧೂಳಿನ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಕಾರ್ಬನ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಇಯರ್ ಪ್ಲಗ್ಗನ್ನು ಹೊಸೆದು ಸಣ್ಣ ಮಾಡಿ, ತಲೆಯ ಹಿಂದಿನಿಂದ ಇನ್ನೊಂದು ಕೈ ತಂದು ಕಿವಿ ಮೇಲಕ್ಕೆಳೆದು ತೂರಿಸಿ, ಉಬ್ಬುವ ತನಕ ಒತ್ತಿ ಹಿಡಿಯಬೇಕು. ಕಿವಿಯ ಬಾಗಿಲಲ್ಲಿ ಕಡಲೆಕಾಯಿಯಂತೆ ಸಿಕ್ಕಿಸಿಕೊಂಡರೆ ಶಬ್ದ ಸಲೀಸಾಗಿ ಒಳಗೆ ಹೋಗುತ್ತದೆ. ಇನ್ನು ಗಡ್ಡ. ಕಾರ್ತಿಕ ಬಂದರೆ ಅಯ್ಯಪ್ಪ ಮಾಲೆ ಹಾಕಿದವರು ಮಂಡಲದುದ್ದಕ್ಕೂ ಗಡ್ಡ ತೆಗೆಯುವುದಿಲ್ಲ, ಗಡ್ಡದ ಮೇಲೆ ಸಣ್ಣ ಧೂಳು ತಡೆಯುವ ಎಫ್‌ಎಫ್‌ಪಿ2 ಮಾಸ್ಕ್ ಕೂರುವುದಿಲ್ಲ, ಅಂಚಿನಿಂದ ಧೂಳು ನುಗ್ಗುತ್ತದೆ. ಜಗಳಕ್ಕಿಳಿಯಬೇಡಿ. ಅಷ್ಟು ದಿನ ಅವರನ್ನು ಗ್ರೈಂಡಿಂಗ್‌ನಿಂದ ಅಸೆಂಬ್ಲಿಗೆ ಹಾಕಿ. ನಾನು ಮಾಲೆ ಹಾಕುವ ಸ್ವಾಮಿಗಳ ಪಟ್ಟಿ ದೀಪಾವಳಿಗೇ ತಗೊಂಡು ಇಟ್ಟುಕೊಳ್ಳುತ್ತೇನೆ.

ನೀವು ಈಗಾಗಲೇ ದಂಡ ಶುರು ಮಾಡಿ ಬುಕ್ ಇಟ್ಟಿದ್ದರೆ ಎಸೆಯಬೇಡಿ. ಯಾವ ಮಷೀನಿನವರ ಹೆಸರು ಮೇಲಿಂದ ಮೇಲೆ ಬಂದಿದೆ ನೋಡಿ, ಅಲ್ಲಿಗೆ ಹೋಗಿ ಕಾರಣ ಕೇಳಿ. ನಮ್ಮ ಬುಕ್ಕಿನಲ್ಲಿ ಹನ್ನೊಂದು ಹೆಸರಿದ್ದವು. ಏಳು ಡ್ರಿಲ್ ಮತ್ತು ಲೇತ್‌ನವರದ್ದು.