ನಿದ್ದೆ ನಿಮ್ಮದು, ಸಲಹೆ ಊರಿನದು: ಓದುಗರ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನಿದ್ದೆಯವೇ. ಕೆಲವರಿಗೆ ನಿದ್ದೆ ಬರುತ್ತಿಲ್ಲ, ಕೆಲವರಿಗೆ ಬಂದರೂ ಮಲಗಲು ಬಿಡುವವರಿಲ್ಲ. ಇನ್ನು ಕೆಲವರು ಚೆನ್ನಾಗಿಯೇ ಮಲಗುತ್ತಿದ್ದರು, ಯಾವುದೋ ವಿಡಿಯೋ ನೋಡಿ ಕೆಡಿಸಿಕೊಂಡಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಅಮೆರಿಕದ ತಂಡವೊಂದರ ಜೊತೆ ಕೆಲಸ ಮಾಡುತ್ತೇನೆ. ನಾನಿರುವ ಕಡೆ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ. ಅವರು ಮಾತ್ರ ಮಾರ್ಚ್‌ನಲ್ಲಿ ಒಂದು ಗಂಟೆ ಮುಂದೆ, ನವೆಂಬರ್‌ನಲ್ಲಿ ಒಂದು ಗಂಟೆ ಹಿಂದೆ ಇಡುತ್ತಾರೆ. ಚಳಿಗಾಲದಲ್ಲಿ ಮೀಟಿಂಗ್ ಮುಗಿಯುವಷ್ಟರಲ್ಲಿ ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ರೈತರಿಗೆ ಅನುಕೂಲ ಆಗಲಿ ಅಂತ ಶುರು ಮಾಡಿದ್ದಂತೆ, ಹೌದಾ? ಇದು ನಿಲ್ಲುವುದು ಯಾವಾಗ?

ಉತ್ತರ: ರೈತರ ಹೆಸರನ್ನು ಸುಮ್ನೆ ಎಳೆದು ತರುತ್ತಾರೆ. ಹಸುವಿಗೆ ಗಡಿಯಾರ ಗೊತ್ತಿಲ್ಲ. ಹೊಲದ ಇಬ್ಬನಿ ಆರಬೇಕಾದರೂ ಬಿಸಿಲೇ ಬರಬೇಕು. ಅಮೆರಿಕದಲ್ಲಿ 1918ರಲ್ಲಿ ಈ ಪದ್ಧತಿ ಬಂದಾಗ ಜೋರಾಗಿ ವಿರೋಧಿಸಿದವರೇ ರೈತರು. ಮರುವರ್ಷ ಅಲ್ಲಿನ ಸಂಸತ್ತು ಅಧ್ಯಕ್ಷ ವುಡ್ರೋ ವಿಲ್ಸನ್ ಮಾತನ್ನೂ ಮೀರಿ ಅದನ್ನು ರದ್ದು ಮಾಡಿತು. ಆಮೇಲೆ ಎರಡನೇ ಮಹಾಯುದ್ಧದಲ್ಲಿ ಮತ್ತೆ ಬಂತು, ಹೋಯಿತು, ಮತ್ತೆ ಬಂತು.

ಇದರ ಹಿಂದೆ ಇದ್ದವರು ಬೇರೆಯೇ. ನ್ಯೂಜಿಲೆಂಡಿನಲ್ಲಿ ಜಾರ್ಜ್ ಹಡ್ಸನ್ ಅಂತ ಒಬ್ಬರಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ, ಹುಳುಹುಪ್ಪಟೆ ಹಿಡಿದು ಅಭ್ಯಾಸ ಮಾಡುವ ಹುಚ್ಚು. ಕೆಲಸ ಮುಗಿದ ಮೇಲೆ ಇನ್ನಷ್ಟು ಬೆಳಕಿದ್ದರೆ ಚೆನ್ನ ಅಂತ ಅವರು 1895ರಲ್ಲಿ ಎರಡು ಗಂಟೆ ಸರಿಸುವ ಸಲಹೆ ಕೊಟ್ಟರು. ಇಂಗ್ಲೆಂಡಿನಲ್ಲಿ ಮನೆ ಕಟ್ಟಿಸುವ ಕೆಲಸದ ವಿಲಿಯಂ ವಿಲೆಟ್, ಬೇಸಿಗೆಯ ಮುಂಜಾನೆ ಇಷ್ಟು ಬೆಳಕಿದ್ದರೂ ಜನ ಮಲಗೇ ಇರುತ್ತಾರಲ್ಲ ಅಂತ ಬೇಸರಪಟ್ಟು 1907ರಲ್ಲಿ ಕಿರುಪುಸ್ತಕವನ್ನೇ ಅಚ್ಚು ಹಾಕಿಸಿದರು. ಆಗ ಕೇಳಿದವರು ಕಡಿಮೆ. ಅವರು ತೀರಿಕೊಂಡ ಮರುವರ್ಷ, 1916ರ ಏಪ್ರಿಲ್ 30ರಂದು, ಯುದ್ಧಕಾಲದಲ್ಲಿ ಕಲ್ಲಿದ್ದಲು ಉಳಿಸಲು ಜರ್ಮನಿ ಗಡಿಯಾರ ಮುಂದೆ ಮಾಡಿತು. ಕೆಲವೇ ವಾರಗಳಲ್ಲಿ ಬ್ರಿಟನ್ನೂ ಹಿಂದೆ ಬಂತು. ಒಬ್ಬರಿಗೆ ಹುಳ ಹಿಡಿಯುವ ಆಸೆ, ಒಬ್ಬರಿಗೆ ಬೇರೆಯವರನ್ನು ಎಬ್ಬಿಸುವ ಆಸೆ, ನಿದ್ದೆಗೆಡುವುದು ಮಾತ್ರ ನಿಮ್ಮ ಪಾಲಿಗೆ.

ನಿಲ್ಲುವುದು ಯಾವಾಗ ಅಂದರೆ, ಬೇಡ ಅನ್ನುವುದಕ್ಕೆ ಎಲ್ಲರೂ ತಯಾರು, ಗಂಟೆ ಮುಂದಿರುವ ಬೇಸಿಗೆ ಸಮಯ, ಮೂಲದ ಚಳಿಗಾಲದ ಸಮಯ ಇವೆರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವಲ್ಲಿ ಜಗಳ. ಯುರೋಪಿನ ಸಂಸತ್ತು 2019ರಲ್ಲೇ ನಿಲ್ಲಿಸೋಣ ಅಂತ ಮತ ಹಾಕಿತು, ಸದಸ್ಯ ದೇಶಗಳು ಒಮ್ಮತಕ್ಕೆ ಬರಲಿಲ್ಲ. ಅಮೆರಿಕದ ಸೆನೆಟ್ 2022ರಲ್ಲಿ ವರ್ಷಪೂರ್ತಿ ಬೇಸಿಗೆ ಸಮಯವೇ ಇರಲಿ ಅಂದಿತು, ಕೆಳಮನೆಯಲ್ಲಿ ಅದು ಅಲ್ಲೇ ನಿಂತಿತು. 1974ರಲ್ಲಿ ಅವರು ಇದನ್ನೇ ಮಾಡಿ ನೋಡಿದ್ದರು. ಚಳಿಗಾಲದಲ್ಲಿ ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗಬೇಕಾಯಿತು, ಜನ ರೊಚ್ಚಿಗೆದ್ದರು, ವರ್ಷ ಮುಗಿಯುವ ಮೊದಲೇ ಕೈಬಿಟ್ಟರು. ರಷ್ಯಾ 2011ರಲ್ಲಿ ಬೇಸಿಗೆ ಸಮಯಕ್ಕೆ ಅಂಟಿಕೊಂಡು 2014ರಲ್ಲಿ ಚಳಿಗಾಲದ ಸಮಯಕ್ಕೆ ಬಂತು. ಮೆಕ್ಸಿಕೊ ಮಾತ್ರ 2022ರಲ್ಲಿ ಬಹುಪಾಲು ದೇಶಕ್ಕೆ ಈ ಕಾಟ ತಪ್ಪಿಸಿತು. ನಿದ್ದೆಯ ವೈದ್ಯರ ಒಲವು ಚಳಿಗಾಲದ, ಅಂದರೆ ಮೂಲ ಸಮಯದ ಕಡೆಗೇ. ಬೆಳಿಗ್ಗೆ ಬೆಳಕು ಬೇಗ ಸಿಗಬೇಕು ಅನ್ನುವುದು ಅವರ ವಾದ, ನನಗೂ ಸರಿ ಅನ್ನಿಸುತ್ತದೆ.

ನಿಮ್ಮ ಮೀಟಿಂಗಿಗೆ ಬರೋಣ. ಕ್ಯಾಲೆಂಡರಿನಲ್ಲಿ ಅದು ಅವರ ಸಮಯಕ್ಕೆ ಕಟ್ಟಿರುವುದರಿಂದಲೇ ನಿಮಗೆ ಜಾರುತ್ತದೆ. ಚಳಿಗಾಲದ ಅರ್ಧಕ್ಕಾದರೂ ನಿಮ್ಮ ಸಮಯಕ್ಕೆ ಕಟ್ಟಿ ಅಂತ ಕೇಳಿ. ಅವರು ಒಂದು ಗಂಟೆ ಬೇಗ ಬಂದರೆ ಆಕಾಶವೇನೂ ಬೀಳುವುದಿಲ್ಲ. ಯುರೋಪಿನವರೂ ಆ ಮೀಟಿಂಗಿನಲ್ಲಿದ್ದರೆ ಇನ್ನೊಂದು ಎಚ್ಚರಿಕೆ. ಅಮೆರಿಕ ಬದಲಿಸುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು ದೇವರಿಗೇ ಗೊತ್ತು.

ಪ್ರಶ್ನೆ: ನಾವಿರುವುದು ಯುರೋಪಿನಲ್ಲಿ. ಮಾರ್ಚ್ ಕೊನೆಗೆ ಗಡಿಯಾರ ಮುಂದೆ ಹೋದ ಮೇಲೆ ಮೂರು ವರ್ಷದ ಮಗ ರಾತ್ರಿ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ. "ಒಂದು ಗಂಟೆ ತಾನೇ" ಅಂತಾರೆ ನಮ್ಮವರು. ಆ ಸೋಮವಾರ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ ಅತ್ತೆ ಒಂದು ಮೆಸೇಜ್ ಬೇರೆ ಕಳಿಸಿದ್ದಾರೆ.

ಉತ್ತರ: ಒಂದು ಗಂಟೆ ತಾನೇ ಅನ್ನುವವರಿಗೆ ಮಗುವನ್ನು ಒಂದು ರಾತ್ರಿ ಒಪ್ಪಿಸಿ ನೋಡಿ.

ನಮ್ಮ ಮೈಯೊಳಗಿನ ಗಡಿಯಾರಕ್ಕೆ ಸರ್ಕಾರದ ಆದೇಶ ತಲುಪುವುದಿಲ್ಲ, ಬೆಳಕು ಮಾತ್ರ ತಲುಪುತ್ತದೆ. ಇದು ಹಳೆಯ ವಿಷಯ. 1729ರಲ್ಲೇ ಫ್ರಾನ್ಸಿನ ಡಿ ಮೈರಾನ್ ಅನ್ನುವ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಡಿಸುತ್ತಿತ್ತು, ರಾತ್ರಿ ಮಡಚುತ್ತಿತ್ತು. ಮನುಷ್ಯರಲ್ಲೂ ಹಾಗೇ, ಮಿದುಳಿನಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ ಒಂದು ಪುಟ್ಟ ಜೀವಕೋಶಗಳ ಗುಂಪು ಹೊತ್ತು ಎಣಿಸುತ್ತಿರುತ್ತದೆ. ತಮಾಷೆ ಅಂದರೆ ಬಹಳ ಜನರಲ್ಲಿ ಅದರ ದಿನ 24 ಗಂಟೆಗಿಂತ ಸ್ವಲ್ಪ ಜಾಸ್ತಿ, ಸರಾಸರಿ 24 ಗಂಟೆ 10 ನಿಮಿಷದ ಆಸುಪಾಸು. ಹಾಗಾಗಿ ತಡ ಮಾಡುವುದು ಸುಲಭ, ಬೇಗ ಮಾಡುವುದು ಕಷ್ಟ. ಶರತ್ಕಾಲದಲ್ಲಿ ಸಿಗುವ ಹೆಚ್ಚುವರಿ ಗಂಟೆಯನ್ನು ದೊಡ್ಡವರು ಖುಷಿಯಾಗಿ ನುಂಗುತ್ತೇವೆ, ವಸಂತದಲ್ಲಿ ಕಿತ್ತುಕೊಂಡ ಗಂಟೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮುಂದಿನ ಸಲ ನಾಲ್ಕು ದಿನ ಮೊದಲೇ ಶುರು ಮಾಡಿ. ದಿನಕ್ಕೆ 15 ನಿಮಿಷದಂತೆ ಮಗನ ಊಟ, ಸ್ನಾನ, ಮಲಗುವ ಹೊತ್ತು, ಏಳುವ ಹೊತ್ತು ಎಲ್ಲವನ್ನೂ ಬೇಗ ಮಾಡುತ್ತಾ ಬನ್ನಿ. ಬರೀ ಹಾಸಿಗೆಯ ಹೊತ್ತನ್ನು ಸರಿಸಿದರೆ ಏನೂ ಆಗದು. ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ, ಮೋಡವಿದ್ದರೂ ಪರವಾಗಿಲ್ಲ. ಮೋಡದ ದಿನದ ಬೆಳಕು ಕೂಡ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಜಾಸ್ತಿ. ಸಂಜೆ ಪರದೆ ಎಳೆಯಿರಿ. ಹೊರಗೆ ಬಿಸಿಲು ಹೊಡೆಯುತ್ತಿರುವಾಗ "ರಾತ್ರಿ ಆಯ್ತು ಮಲಗು" ಅಂದರೆ ಮೂರು ವರ್ಷದವನಿಗೂ ಅದು ಸುಳ್ಳು ಅಂತ ಗೊತ್ತಾಗುತ್ತದೆ, ಅಲ್ವಾ? ಏನೂ ಮಾಡದಿದ್ದರೂ ಸಾಮಾನ್ಯವಾಗಿ ಒಂದು ವಾರದಲ್ಲಿ ಸರಿಹೋಗುತ್ತದೆ, ಅಷ್ಟರಲ್ಲಿ ನೀವು ಸುಸ್ತಾಗಿರುತ್ತೀರಿ ಅಷ್ಟೇ.

ಅತ್ತೆಯವರ ಮೆಸೇಜ್ ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಅಮೆರಿಕದ ಮಿಷಿಗನ್ ರಾಜ್ಯದ ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಪ್ರಕಟವಾಗಿತ್ತು. ಗಡಿಯಾರ ಮುಂದೆ ಹೋದ ಮರುದಿನದ ಸೋಮವಾರ ಹೃದಯಾಘಾತ ಶೇಕಡಾ 24ರಷ್ಟು ಹೆಚ್ಚಿತ್ತು. ಆದರೆ ಅದೇ ವರದಿಯ ಪ್ರಕಾರ ಇಡೀ ವಾರದ ಒಟ್ಟು ಲೆಕ್ಕದಲ್ಲಿ ಹೆಚ್ಚಳ ಇರಲಿಲ್ಲ. ಮುಂದೆ ಎಂದೋ ಆಗಬೇಕಾಗಿದ್ದು ಆ ದಿನಕ್ಕೆ ಬಂತು ಅಂತ ಓದಿಕೊಳ್ಳಬಹುದು. ಈ ಎರಡನೇ ವಾಕ್ಯವನ್ನು ಫಾರ್ವರ್ಡ್ ಮಾಡುವವರು ಯಾರೂ ಇಲ್ಲ. ಅತ್ತೆಗೆ ಹೃದಯದ ತೊಂದರೆ ಮೊದಲೇ ಇದ್ದರೆ ಆ ಸೋಮವಾರ ಗಡಿಬಿಡಿ ಕಡಿಮೆ ಮಾಡಿಕೊಳ್ಳಲಿ, ಮಾತ್ರೆ ಮರೆಯದಿರಲಿ, ಸಾಕು.

ಪ್ರಶ್ನೆ: ಕೈಗಡಿಯಾರ ದಿನಾ ಬೆಳಿಗ್ಗೆ ನಿದ್ದೆಗೆ ಅಂಕ ಕೊಡುತ್ತದೆ. ಚೆನ್ನಾಗಿ ಮಲಗಿದೆ ಅಂದುಕೊಂಡು ಎದ್ದರೂ ನೂರಕ್ಕೆ ಅರವತ್ತು. "ಗಾಢ ನಿದ್ದೆ ಕಡಿಮೆ" ಅಂತ ತೋರಿಸುತ್ತದೆ, ಅಲ್ಲಿಂದ ದಿನವಿಡೀ ಸುಸ್ತು. ಎಂಟು ಗಂಟೆ ಕಡ್ಡಾಯವಾ?

ಉತ್ತರ: ಗಡಿಯಾರ ಬಿಚ್ಚಿ ಡ್ರಾಯರ್‌ನಲ್ಲಿಡಿ. ತಿಂಗಳಾದ ಮೇಲೆ ಬೇಕಿದ್ದರೆ ಹಾಕಿಕೊಳ್ಳಿ.

ಗಾಢ ನಿದ್ದೆ ಎಷ್ಟು, ಕನಸಿನ ನಿದ್ದೆ ಎಷ್ಟು ಅಂತ ಸರಿಯಾಗಿ ತಿಳಿಯಬೇಕಾದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡಬೇಕು. ಮಣಿಕಟ್ಟಿನ ಮೇಲಿರುವ ಯಂತ್ರ ನಿಮ್ಮ ಅಲುಗಾಟ ಮತ್ತು ನಾಡಿ ನೋಡಿ ಅಂದಾಜು ಮಾಡುತ್ತದೆ. ಎಷ್ಟು ಹೊತ್ತು ಮಲಗಿದ್ದಿರಿ ಅನ್ನುವುದನ್ನು ಸುಮಾರಾಗಿ ಹೇಳೀತು, ಒಳಗಿನ ಹಂತಗಳ ಲೆಕ್ಕ ನಂಬುವಷ್ಟಿಲ್ಲ. ಅಂಕ ಹೆಚ್ಚಿಸಿಕೊಳ್ಳಲು ಹೋಗಿ ನಿದ್ದೆಗೆಟ್ಟವರು ಎಷ್ಟು ಜನ ಬಂದರು ಅಂದರೆ, 2017ರಲ್ಲಿ ವೈದ್ಯರು ಈ ಗೀಳಿಗೆ ಆರ್ಥೋಸಾಮ್ನಿಯಾ ಅಂತ ಒಂದು ಹೆಸರನ್ನೇ ಇಟ್ಟರು.

ದೊಡ್ಡವರಿಗೆ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಅನ್ನುವುದು ಅಮೆರಿಕದ ನಿದ್ದೆ ತಜ್ಞರು 2015ರಲ್ಲಿ ಹೇಳಿದ ಮಾತು. ಎಂಟು ಅನ್ನುವುದು ಕಡ್ಡಾಯವಲ್ಲ. ಇಂಥ ದುಂಡನೆಯ ಸಂಖ್ಯೆಗಳ ಮೂಲ ಹುಡುಕಿದರೆ ನಗು ಬರುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಬಂದಿದ್ದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟವಾದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಎಂಟು ಲೋಟ ನೀರಿನ ಕಥೆಗೆ 1945ರ ಅಮೆರಿಕದ ಸರ್ಕಾರಿ ಸಲಹೆಯೊಂದು ಮೂಲ ಅಂತ ಹೇಳುತ್ತಾರೆ, ಆ ನೀರಿನಲ್ಲಿ ಬಹುಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಅದರಲ್ಲಿತ್ತು. ಹಗಲು ತೂಕಡಿಸದೆ ಕೆಲಸ ಮಾಡುತ್ತೀರಾ? ರಜೆಯ ದಿನ ಗಂಟೆಗಟ್ಟಲೆ ಹೆಚ್ಚು ಮಲಗದೆ ಏಳುತ್ತೀರಾ? ಹಾಗಿದ್ದರೆ ನಿಮ್ಮ ನಿದ್ದೆ ಪಾಸು.

ಪ್ರಶ್ನೆ: ನಮ್ಮ ಯಜಮಾನರು ಯಾವುದೋ ಭಾಷಣ ಕೇಳಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹದಿನಾರು ವರ್ಷದ ಮಗಳನ್ನೂ ಎಬ್ಬಿಸುತ್ತಿದ್ದಾರೆ. ಗೆದ್ದವರೆಲ್ಲ ನಾಲ್ಕಕ್ಕೆ ಏಳುತ್ತಾರಂತೆ.

ಉತ್ತರ: ಸೋತವರು ಎಷ್ಟಕ್ಕೆ ಏಳುತ್ತಾರೆ ಅಂತ ಭಾಷಣಕಾರರು ವಿಚಾರಿಸಿದ ಹಾಗಿಲ್ಲ. ನಿಮ್ಮವರು ಒಂಬತ್ತಕ್ಕೆ ಮಲಗುವುದಾದರೆ ನಾಲ್ಕಕ್ಕೆ ಏಳಲಿ, ತಪ್ಪೇನಿಲ್ಲ. ಮಗಳನ್ನು ಬಿಡಲಿ. ಹರೆಯದಲ್ಲಿ ಮೈಯ ಗಡಿಯಾರ ತಾನಾಗಿಯೇ ತಡಕ್ಕೆ ಸರಿಯುತ್ತದೆ, ಅದು ಸೋಮಾರಿತನವಲ್ಲ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಕಣ್ಣು ಮುಚ್ಚಿದವಳನ್ನು ನಾಲ್ಕಕ್ಕೆ ಎಬ್ಬಿಸಿ ಪುಸ್ತಕ ಹಿಡಿಸಿದರೆ ಓದಿದ್ದು ತಲೆಯಲ್ಲಿ ಉಳಿಯುವುದೂ ಇಲ್ಲ, ಕಲಿತದ್ದು ಗಟ್ಟಿಯಾಗುವುದಕ್ಕೂ ನಿದ್ದೆಯೇ ಬೇಕು.

ಪ್ರಶ್ನೆ: ಮಧ್ಯರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಆಮೇಲೆ ಮಗ್ಗುಲು ಬದಲಿಸುವುದೇ ಕೆಲಸ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ನಿದ್ದೆ ಮಾತ್ರೆ ತಗೊಳ್ಳಲಾ?

ಉತ್ತರ: ಚಿಂತೆ ಬಿಡು ಅಂದರೆ ಬಿಡುವ ಹಾಗಿದ್ದರೆ ಯಾರಿಗೂ ಚಿಂತೆಯೇ ಇರುತ್ತಿರಲಿಲ್ಲ. ಆ ಗಾದೆಯನ್ನು ಪಕ್ಕಕ್ಕಿಡಿ.

ನಡುವೆ ಎಚ್ಚರವಾಗುವುದು ರೋಗವಲ್ಲ. ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ನಡೆಯುತ್ತದೆ, ಸುತ್ತು ಮುಗಿದಾಗ ಅರೆಎಚ್ಚರ ಆಗುವುದು ಎಲ್ಲರಿಗೂ ಇದ್ದದ್ದೇ. ತೊಂದರೆ ಶುರುವಾಗುವುದು ಆಗ ಗಡಿಯಾರ ನೋಡಿದಾಗ. "ಅಯ್ಯೋ ಮೂರು ಗಂಟೆ, ಇನ್ನು ಮೂರೇ ಗಂಟೆ ಉಳಿದಿದೆ, ನಾಳೆ ಕೆಲಸ ಹೇಗೆ" ಅಂತ ಲೆಕ್ಕ ಹಾಕಿದಿರೋ, ಇದ್ದ ಮಂಪರೂ ಹೋಯಿತು. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ.

ಸುಮಾರು ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಬಿಡಿ. ಮಂದ ಬೆಳಕಿನಲ್ಲಿ ಕೂತು ಬೋರು ಹೊಡೆಸುವಂಥದ್ದು ಏನಾದರೂ ಓದಿ, ಕಣ್ಣು ಎಳೆಯತೊಡಗಿದಾಗ ಮತ್ತೆ ಮಲಗಿ. ಇದು ರಿಚರ್ಡ್ ಬೂಟ್ಜಿನ್ ಅನ್ನುವ ಮನಶ್ಶಾಸ್ತ್ರಜ್ಞ 1972ರಲ್ಲಿ ಬರೆದಿಟ್ಟ ಉಪಾಯ. ಹಾಸಿಗೆ ಕಂಡ ಕೂಡಲೇ ಒದ್ದಾಟ ನೆನಪಾಗುವ ಅಭ್ಯಾಸ ಮುರಿಯಬೇಕು ಅನ್ನುವುದು ಅವರ ಲೆಕ್ಕ. ಮೊದಲ ವಾರ ಹಿಂಸೆ ಅನ್ನಿಸುತ್ತದೆ, ನಿಜ ಹೇಳುತ್ತಿದ್ದೇನೆ. ಆದರೂ ಬೆಳಿಗ್ಗೆ ಏಳುವ ಹೊತ್ತನ್ನು ಮಾತ್ರ ಬದಲಿಸಬೇಡಿ, ರಜೆಯ ದಿನವೂ. ಮಲಗುವ ಹೊತ್ತನ್ನು ನಾವು ಹಿಡಿಯಲಾರೆವು, ಏಳುವ ಹೊತ್ತನ್ನು ಹಿಡಿಯಬಹುದು. ಅದು ಗಟ್ಟಿಯಾದರೆ ರಾತ್ರಿಯ ನಿದ್ದೆ ತಾನಾಗಿ ದಾರಿಗೆ ಬರುತ್ತದೆ. ಎಲ್ಲ ಸಲಹೆ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

ಕಾಫಿಯದ್ದೂ ಒಂದು ಮಾತು. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. "ನನಗೇನೂ ಆಗಲ್ಲ, ಕುಡಿದು ಮಲಗಿಬಿಡ್ತೀನಿ" ಅನ್ನುವವರಿಗೂ ನಿದ್ದೆ ತೆಳುವಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ ಅಷ್ಟೇ.

ಮಾತ್ರೆಯನ್ನು ನೀವಾಗಿ ತಗೊಳ್ಳಬೇಡಿ, ಪಕ್ಕದ ಮನೆಯವರದ್ದಂತೂ ಬೇಡವೇ ಬೇಡ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ಹೀಗೇ ನಡೆದಿದ್ದರೆ ವೈದ್ಯರ ಹತ್ತಿರ ಹೋಗಿ. ನಡವಳಿಕೆ ತಿದ್ದುವ ಚಿಕಿತ್ಸೆ ಸಿಗುತ್ತದಾ ಅಂತ ಕೇಳಿ. ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಮೊದಲು ಅದನ್ನೇ ಕೊಡಿ, ಮಾತ್ರೆ ಆಮೇಲೆ ಅಂದಿದೆ.

ಪ್ರಶ್ನೆ: ನನಗೆ ನಿದ್ದೆಯ ತೊಂದರೆ ಇಲ್ಲ, ಮಲಗಿದ ಕೂಡಲೇ ಗೊರಕೆ. ಎಂಟು ಗಂಟೆ ಮಲಗಿದರೂ ಕಾರು ಓಡಿಸುವಾಗ ಕಣ್ಣು ಮುಚ್ಚಿ ಹೋಗುತ್ತದೆ. ನಡುನಡುವೆ ಉಸಿರು ನಿಂತ ಹಾಗಾಗುತ್ತದೆ ಅಂತಾಳೆ ಹೆಂಡತಿ. ಯಾವ ಮನೆಮದ್ದು ಒಳ್ಳೆಯದು?

ಉತ್ತರ: ಮನೆಮದ್ದು ಬೇಡ. ಈ ವಾರವೇ ವೈದ್ಯರನ್ನು ನೋಡಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಏಕೆಂದರೆ ರಾತ್ರಿ ಏನಾಗುತ್ತದೆ ಅಂತ ಗೊತ್ತಿರುವುದು ಅವರಿಗೆ. ನೀವು ಹೇಳಿದ ಮೂರೂ ಲಕ್ಷಣ ಸ್ಲೀಪ್ ಆಪ್ನಿಯಾದ ಕಡೆ ಬೆರಳು ಮಾಡುತ್ತವೆ. ಗಂಟಲಿನ ದಾರಿ ಮುಚ್ಚಿ ಉಸಿರು ನಿಲ್ಲುತ್ತದೆ, ಮಿದುಳು ದಡಬಡಿಸಿ ಎಬ್ಬಿಸುತ್ತದೆ, ಇದು ರಾತ್ರಿಯಿಡೀ ನಡೆದರೂ ನಿಮಗೆ ನೆನಪಿರುವುದಿಲ್ಲ. ಗೊರಕೆ ಹೊಡೆದರೆ ಒಳ್ಳೆ ನಿದ್ದೆ ಅನ್ನುವುದು ಅಪಾಯದ ಮಾತು. ರಕ್ತದೊತ್ತಡವನ್ನೂ ಪರೀಕ್ಷೆ ಮಾಡಿಸಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅಲ್ಲಿಯವರೆಗೆ ಕಾರಿನ ಕೀ ಬೇರೆಯವರ ಕೈಯಲ್ಲಿರಲಿ.

ಪ್ರಶ್ನೆ: ಅಲಾರಂ ಹೊಡೆದಾಗ ಐದೈದು ನಿಮಿಷ ಮುಂದೂಡಿ ಮಲಗುವುದು ತಪ್ಪಾ?

ಉತ್ತರ: ಆ ತುಂಡು ನಿದ್ದೆಯಿಂದ ದೊಡ್ಡ ಲಾಭವಿಲ್ಲ, ನಿಮಗೆ ದೊಡ್ಡ ನಷ್ಟವೂ ಇಲ್ಲ. ಪಕ್ಕದಲ್ಲಿ ಮಲಗಿರುವವರ ಅಭಿಪ್ರಾಯ ಬೇರೆ ಇರಬಹುದು, ಒಮ್ಮೆ ಕೇಳಿ ನೋಡಿ.